ತಲೆ ಎತ್ತದೆ ಹೊಡೆಯುವುದು

ಗಾಲ್ಫ್ ಕಲಿಸುವ ಕಸುಬು ಹೊರಗಿನಿಂದ ನೋಡುವವರಿಗೆ ಭಾರಿ ಸುಖದ್ದು. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ, ದಿನವೆಲ್ಲ ಆ ಗುಡ್ಡದ ಮೇಲೆ ನಿಂತು ನೀವು ಮಾಡುವುದಾದರೂ ಏನು ಅಂತ ಕೇಳಿದ್ದಳು. ಜನ ಚೆಂಡು ಹೊಡೆಯುವುದನ್ನು ನೋಡುತ್ತೇನೆ ಅಂದೆ. ಅದಕ್ಕೆ ಸಂಬಳ ಬೇರೆ ಕೊಡುತ್ತಾರಾ ಅಂದಳು. ಕೊಟ್ಟರು. ನಿವೃತ್ತಿಯಾಗುವವರೆಗೂ ನೋಡುವುದಕ್ಕೇ ಕೊಟ್ಟರು. ಆದರೆ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸವನ್ನು ನೋಡದೆ ಮಾಡಿದೆ. ಈಗ ಕ್ಲಬ್ಬಿಗೆ ಹೊಸದಾಗಿ ಸೇರಿರುವ ಇಬ್ಬರು ಯುವ ಕೋಚ್‌ಗಳು ಏನಾದರೂ ಬರೆದುಕೊಡಿ ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಅದೇ. ಪುಟ್ಟಸ್ವಾಮಿಗೌಡರ ವಿಷಯ. ಅದನ್ನು ಹೇಳುವುದಕ್ಕೆ ಮುಂಚೆ ಒಂದಿಷ್ಟು ಬೇರೆ ಮಾತು ಆಡಲೇಬೇಕು, ಇಲ್ಲದಿದ್ದರೆ ಗೌಡರ ತಪ್ಪು ಎಂಥ ವಿಚಿತ್ರದ ತಪ್ಪು ಎಂದು ನಿಮಗೆ ತಿಳಿಯುವುದಿಲ್ಲ.

ನನ್ನ ಹೆಸರು ನಜೀರ್. ಸಕಲೇಶಪುರದ ಪೇಟೆಯವನು. ಅಪ್ಪ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸುತ್ತಿದ್ದರು. ನಾನು ಕಾಲೇಜಿನಲ್ಲಿ ಹಾಕಿ ಆಡುತ್ತಿದ್ದೆ. ಅದನ್ನು ನೋಡಿಯೇ ಕ್ಲಬ್ಬಿನ ಸೆಕ್ರೆಟರಿ, ಸೈನ್ಯದಿಂದ ನಿವೃತ್ತರಾಗಿದ್ದ ಮೇಜರ್ ಸಾಹೇಬರು, ನನ್ನನ್ನು ಕೆಲಸಕ್ಕೆ ಕರೆದರು. ಹಾಕಿಯೂ ಕೋಲು, ಗಾಲ್ಫೂ ಕೋಲು, ಕಲಿತುಕೋ ಎಂದರು. ಆರು ತಿಂಗಳು ಬೆಂಗಳೂರಿಗೆ ತರಬೇತಿಗೂ ಕಳಿಸಿದರು. ಅಲ್ಲಿ ನನಗೆ ಕಲಿಸಿದವರು ನನ್ನ ಹೊಡೆತ ನೋಡಿ ನಕ್ಕು, ನೀನು ಗೋಲು ಹೊಡೀತಿದ್ದೀಯ, ಮುಂದೆ ಯಾರೂ ಅಡ್ಡ ಬರೋದಿಲ್ಲ, ನಿಧಾನವಾಗಿ ಹೊಡಿ ಅಂದಿದ್ದರು. ನಿಧಾನ ಅನ್ನುವುದು ನನ್ನ ಸ್ವಭಾವಕ್ಕೇ ಹೊಂದುವ ಮಾತಾದ್ದರಿಂದ ನಾನು ಕಲಿತುಬಿಟ್ಟೆ.

ನಮ್ಮ ಮೈದಾನ ಸಕಲೇಶಪುರಕ್ಕೂ ಆಲೂರಿಗೂ ನಡುವಿನ ಒಂದು ಗುಡ್ಡದ ಬೆನ್ನಿನ ಮೇಲಿದೆ. ಒಂಬತ್ತೇ ಹೋಲ್, ಅಂದರೆ ಚೆಂಡು ಬೀಳಿಸುವ ಗುಳಿ. ದೊಡ್ಡ ಊರಿನ ಮೈದಾನಗಳಲ್ಲಿ ಪ್ರತಿ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಹಾಸು ಇರುತ್ತದೆ. ನಮ್ಮ ಮಳೆಗೆ ಆ ಹುಲ್ಲು ಬದುಕುವುದಿಲ್ಲ. ಅದಕ್ಕೇ ಮರಳಿಗೆ ಲಾರಿಯಿಂದ ಇಳಿಸಿದ ಹಳೆಯ ಎಂಜಿನ್ ಆಯಿಲ್ ಕಲಸಿ ಹಾಸುತ್ತಿದ್ದೆವು. ಬಣ್ಣ ಕಂದು, ಆದ್ದರಿಂದ ಅದಕ್ಕೆ ಬ್ರೌನ್ ಎಂದು ಹೆಸರು. ಬಿಸಿಲೇರಿದಾಗ ಆ ಎಣ್ಣೆಯ ವಾಸನೆ ಬಂದರೆ ನನಗೆ ಅಪ್ಪನ ಅಂಗಿ ನೆನಪಾಗುತ್ತಿತ್ತು.

ಬೆಳಗಿನ ಹೊತ್ತು ಮಂಜು ಇಳಿದಿರುತ್ತಿತ್ತು. ಹೊಡೆದ ಚೆಂಡು ಬೆಳ್ಳಗಿನದರೊಳಗೆ ಬೆಳ್ಳಗೆ ಸೇರಿಹೋಗುತ್ತಿತ್ತು. ದೋಣಿಗಲ್ ಕಡೆಯಿಂದ ಏರುವ ರೈಲಿನ ಏದುಸಿರು ಕೇಳುತ್ತಿತ್ತು, ರೈಲು ಕಾಣುತ್ತಿರಲಿಲ್ಲ. ಮಂಜು ಹರಿದ ಮೇಲೆ ದೂರದಲ್ಲಿ ಬಿಸಿಲೆಯ ಬೆಟ್ಟಗಳು ಒಂದರ ಹಿಂದೆ ಒಂದು ನೀಲಿಯಾಗಿ ನಿಲ್ಲುತ್ತಿದ್ದವು. ಬೇಸಿಗೆಯ ಮೊದಲ ಮಳೆ ಬಿದ್ದು ಸುತ್ತಲಿನ ಕಾಫಿ ಒಟ್ಟಿಗೇ ಹೂ ಬಿಟ್ಟಾಗ ಆ ವಾಸನೆಗೆ ಎಷ್ಟೋ ಸಲ ನಾನು ಪಾಠ ಹೇಳುತ್ತಿರುವುದನ್ನೇ ಮರೆತು ನಿಂತದ್ದುಂಟು. ಮೆಂಬರುಗಳು ಕೆಮ್ಮಿ ಎಚ್ಚರಿಸಬೇಕಾಗುತ್ತಿತ್ತು. ನಾನು ಅಂಥ ಮನುಷ್ಯ, ಮುಚ್ಚಿಡುವಂಥದ್ದೇನಲ್ಲ. ಈ ಕೆಲಸಕ್ಕೆ ಸ್ವಲ್ಪ ಮೈಮರೆಯುವವರೇ ಸರಿ ಎಂದು ಈಗಲೂ ನಂಬಿದ್ದೇನೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಗಾಲ್ಫ್ ಆಡುವವರಿಗೆಂದೇ ಹುಟ್ಟಿದ್ದು. ನಮ್ಮಲ್ಲಿ ಫಜೀತಿಯೇನೆಂದರೆ ನೆಲ ನಿಜಕ್ಕೂ ಡೊಂಕು. ಆಡಲು ಬರುವವರು ಬಹುಪಾಲು ಕಾಫಿ ಬೆಳೆಗಾರರು. ಹುಟ್ಟಿದಾಗಿನಿಂದ ಇಳಿಜಾರಿನಲ್ಲಿ ನಡೆದವರು. ಅವರನ್ನು ಸಮನಾದ ಜಾಗದಲ್ಲಿ ನಿಲ್ಲಿಸಿದರೂ ಒಂದು ಕಾಲನ್ನು ಸ್ವಲ್ಪ ಮಡಿಸಿ, ಇನ್ನೊಂದನ್ನು ಊರಿ, ತೋಟದ ದಿಬ್ಬದಲ್ಲಿ ನಿಂತ ಹಾಗೆಯೇ ನಿಲ್ಲುತ್ತಾರೆ. ಭಾರವೆಲ್ಲ ಒಂದೇ ಕಾಲಿಗೆ. ಹೊಡೆಯುವಾಗ ಕೈ ಒಂದು ಕಡೆ, ಸೊಂಟ ಒಂದು ಕಡೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಮೊದಮೊದಲು ನೇರ ನಿಲ್ಲಿ, ನೇರ ನಿಲ್ಲಿ ಎಂದು ಬಡಕೊಳ್ಳುತ್ತಿದ್ದೆ. ನೇರವಾಗೇ ನಿಂತಿದ್ದೀನಲ್ಲ ಮಾರಾಯ ಎನ್ನುತ್ತಿದ್ದರು. ಅವರ ಮಟ್ಟಿಗೆ ಅದು ನೇರವೇ. ಕೊನೆಗೆ ಬೂಟು ಬಿಚ್ಚಿಸಿ, ಕಣ್ಣು ಮುಚ್ಚಿಸಿ, ಎರಡು ಪಾದದಡಿಯ ಹುಲ್ಲೂ ಒಂದೇ ಸಮನೆ ತಣ್ಣಗಿದೆಯೇ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಯಾವ ಪಾದಕ್ಕೆ ತಂಪು ಹೆಚ್ಚೋ ಅದರ ಮೇಲೆ ಭಾರ ಹೆಚ್ಚು. ಅವರೇ ಸರಿಮಾಡಿಕೊಳ್ಳುತ್ತಿದ್ದರು.

ಇನ್ನೊಂದು ತಪ್ಪು ಕತ್ತಿಯಿಂದ ಬಂದದ್ದು. ಲಂಟಾನ ಸವರುವಾಗ ಕತ್ತಿಯನ್ನು ಹೊರಗಿನಿಂದ ತಂದು ಮೈಯ ಕಡೆಗೆ ಎಳೆಯುತ್ತಾರಲ್ಲ, ಗಾಲ್ಫ್ ಸ್ಟಿಕ್ಕನ್ನೂ ಹಾಗೆಯೇ ಎಳೆದರೆ ಚೆಂಡು ನೆಟ್ಟಗೆ ಹೊರಟು ಬಲಕ್ಕೆ ಬಾಗಿ ಕಣಿವೆಗೆ ಬೀಳುತ್ತದೆ. ಇದಕ್ಕೆ ಸ್ಲೈಸ್ ಅನ್ನುತ್ತಾರೆ. ಹಿಡಿತದ ತಪ್ಪಂತೂ ಎಲ್ಲರಿಗೂ ಇದ್ದದ್ದೇ. ಹೆದರಿದವರು ಹಾವಿನ ಕುತ್ತಿಗೆ ಹಿಡಿದ ಹಾಗೆ ಹಿಡಿಯುತ್ತಾರೆ. ಕಾಫಿ ಹಣ್ಣು ಕೀಳುವಾಗ ಎಡಗೈಯಲ್ಲಿ ಗೆಲ್ಲು ಬಗ್ಗಿಸುತ್ತೀರಲ್ಲ, ಹಾಗೆ ಹಿಡೀರಿ ಎನ್ನುತ್ತಿದ್ದೆ. ಬಿಗಿಯಾದರೆ ಗೆಲ್ಲು ಲಟಕ್ಕೆನ್ನುತ್ತದೆ, ಸಡಿಲವಾದರೆ ಚಿಮ್ಮಿ ಮುಖಕ್ಕೆ ಹೊಡೆಯುತ್ತದೆ. ಇದೊಂದು ಮಾತಿಗೆ ನಮ್ಮ ಕಡೆಯವರ ಕೈ ತಕ್ಷಣ ಮೆತ್ತಗಾಗುತ್ತಿತ್ತು. ಹಾಸನದಿಂದ ಬರುತ್ತಿದ್ದ ಆಫೀಸರುಗಳಿಗೆ ಮಾತ್ರ ಏನು ಹೇಳಿದರೂ ಹಾವೇ ಗತಿ.

ಮೇಜರ್ ಸಾಹೇಬರಿಗೆ ಇಂಥ ಪಾಠ ಹಿಡಿಸುತ್ತಿರಲಿಲ್ಲ. ಅವರಿಗೆ ಎಲ್ಲರ ಹೊಡೆತವೂ ಪೆರೇಡಿನಂತೆ ಒಂದೇ ತರ ಕಾಣಬೇಕು. ವರಾಂಡದಲ್ಲಿ ಕೂತು, ಆಡುವವರು ಯಾರೇ ಆಗಿರಲಿ, ತಲೆ ಕೆಳಗೆ ಎಂದು ಕೂಗುತ್ತಿದ್ದರು. ಗಾಲ್ಫಿನಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಇದೇ. ಹೊಡೆಯುವ ಮುನ್ನವೇ ಚೆಂಡು ಎಲ್ಲಿಗೆ ಹೋಗುತ್ತದೆ ಎಂದು ನೋಡುವ ಆತುರ. ತಲೆ ಎದ್ದರೆ ಭುಜ ಏಳುತ್ತದೆ, ಭುಜ ಎದ್ದರೆ ಸ್ಟಿಕ್ಕು ಚೆಂಡಿನ ನೆತ್ತಿ ಸವರಿಕೊಂಡು ಹೋಗುತ್ತದೆ. ಸಾಹೇಬರು ಬೈಯುವುದು ಬಿಟ್ಟರೆ ಮನಸ್ಸು ಒಳ್ಳೆಯದು. ಒಮ್ಮೆ ನಾನೇ ಹೊಡೆಯುವಾಗಲೂ ಅವರ ಕೂಗು ಕೇಳಿ ಗಲ್ಲವನ್ನು ಎದೆಗೆ ಎಷ್ಟು ಒತ್ತಿಕೊಂಡೆನೆಂದರೆ ಭುಜ ತಿರುಗಲು ಜಾಗವೇ ಇಲ್ಲದೆ ಸ್ಟಿಕ್ಕು ಕೈತಪ್ಪಿ ಹಾರಿ ಹಲಸಿನ ಮರದ ಮೇಲೆ ಸಿಕ್ಕಿಕೊಂಡಿತು. ಏಣಿ ತರಿಸಬೇಕಾಯಿತು. ಆವತ್ತಿನಿಂದ ನಾನು ಯಾರಿಗೂ ತಲೆ ಕೆಳಗೆ ಎಂದು ಹೇಳುವುದನ್ನು ಬಿಟ್ಟೆ.

ಆಮೇಲೆ ಮೊಬೈಲ್ ಬಂತು. ಹೊಡೆತವನ್ನು ವಿಡಿಯೊ ತೆಗೆದು ನಿಧಾನ ಮಾಡಿ ತೋರಿಸುವ ಪದ್ಧತಿ ಶುರುವಾಯಿತು. ನನಗೂ ಅದು ಹುಚ್ಚು ಹಿಡಿಸಿತು. ನಿಧಾನದಲ್ಲಿ ಎಲ್ಲರೂ ನೀರೊಳಗೆ ತೇಲುವವರಂತೆ ಚೆಂದ ಕಾಣುತ್ತಿದ್ದರು. ಆದರೆ ಅತಿಯಾದರೆ ಅಮೃತವೂ ವಿಷ. ಹಾಸನದ ಒಬ್ಬ ಡಾಕ್ಟರು ತಮ್ಮ ವಿಡಿಯೊಗಳನ್ನು ನೋಡಿ ನೋಡಿ, ಮೊಣಕೈ, ಮಣಿಕಟ್ಟು, ಹಿಮ್ಮಡಿ ಎಲ್ಲವನ್ನೂ ಒಂದೇ ಸಲ ನೆನೆಯುತ್ತಾ ಸ್ಟಿಕ್ಕನ್ನು ಎತ್ತಲಾರದೆ ಸುಮ್ಮನೆ ನಿಂತುಬಿಟ್ಟರು. ಫೋನನ್ನು ಕಿಸೆಗೆ ಹಾಕಿಸಿ, ಬನ್ನಿ ಕಾಫಿ ಕುಡಿಯೋಣ ಎಂದು ಕರೆದುಕೊಂಡು ಹೋದೆ. ಆವತ್ತಿನ ಪಾಠ ಅಷ್ಟೇ.

ಈಗ ಗೌಡರು.

ಪುಟ್ಟಸ್ವಾಮಿಗೌಡರ ತೋಟ ನಮ್ಮ ಗುಡ್ಡದ ಆಚೆ ಮಗ್ಗುಲಲ್ಲಿ. ದೊಡ್ಡ ಎಸ್ಟೇಟ್ ಅಲ್ಲ, ಸಣ್ಣದೂ ಅಲ್ಲ. ಅರವತ್ತರ ಆಸುಪಾಸಿನ ಮನುಷ್ಯ. ತಡವಾಗಿ ಗಾಲ್ಫ್ ಕಲಿತವರು. ಆದರೂ ಆ ಗುಡ್ಡದ ಮೇಲೆ ಅವರಷ್ಟು ಚೆಂದದ ಹೊಡೆತ ಮತ್ತೊಬ್ಬರದ್ದಿರಲಿಲ್ಲ. ಆತುರವೇ ಇಲ್ಲ. ತೊಟ್ಟಿಲು ತೂಗಿದ ಹಾಗೆ ಸ್ಟಿಕ್ಕು ಹಿಂದೆ ಹೋಗಿ ಮುಂದೆ ಬರುತ್ತಿತ್ತು. ನಾನು ಕಲಿಸಿದ್ದಕ್ಕಿಂತ ಹೆಚ್ಚಾಗಿ ಅವರೊಳಗೇ ಇದ್ದದ್ದು. ಸಂಜೆ ಬಿಸಿಲಲ್ಲಿ ಅವರು ಆಡುವುದನ್ನು ನೋಡುತ್ತಾ ನನ್ನ ಕೆಲಸ ನನಗೆ ಬಹಳ ಇಷ್ಟವಾಗುತ್ತಿತ್ತು.

ನನ್ನ ನಿವೃತ್ತಿಗೆ ಇನ್ನೊಂದೆರಡು ವರ್ಷ ಇರುವಾಗ, ಮಳೆಗಾಲ ಮುಗಿದು ಮೈದಾನ ತೆರೆದ ಮೇಲೆ ಗೌಡರು ಬಂದು ಮೊದಲ ಚೆಂಡು ಹೊಡೆದರು. ಚೆಂಡು ಎರಡು ಮಾರು ಉರುಳಿ ನಿಂತಿತು. ಇನ್ನೊಂದು ಹೊಡೆದರು. ಸ್ಟಿಕ್ಕು ಗಾಳಿಗೆ ಬೀಸಿತು, ಚೆಂಡು ಅಲ್ಲೇ ಇತ್ತು. ಮಳೆಗಾಲ ಪೂರ್ತಿ ಕೈ ಆಡಿಸದಿದ್ದರೆ ಎಲ್ಲರಿಗೂ ಹಾಗೇ ಆಗುತ್ತದೆ ಎಂದು ಸಮಾಧಾನ ಹೇಳಿದೆ. ವಾರ ಕಳೆಯಿತು, ತಿಂಗಳಾಯಿತು. ಆ ತೊಟ್ಟಿಲು ವಾಪಸ್ ಬರಲೇ ಇಲ್ಲ. ತಲೆ ಎತ್ತುತ್ತಿದ್ದಾರೆ ಎಂಬುದು ಎಂಥವನಿಗೂ ಕಾಣುತ್ತಿತ್ತು. ಮೇಜರ್ ಸಾಹೇಬರಂತೂ ಕೂಗಿ ಕೂಗಿ ಸಾಕಾಗಿ ಕಾಫಿ ಕಪ್ಪಿನ ಕಡೆಗೆ ತಿರುಗಿಬಿಟ್ಟಿದ್ದರು.

ನನಗೆ ಗೊತ್ತಿದ್ದ ಮದ್ದನ್ನೆಲ್ಲ ಮಾಡಿದೆ. ಚೆಂಡಿನ ಕೆಳಗೆ ಒಂದು ಕೆಂಪು ಕಾಫಿ ಹಣ್ಣಿಟ್ಟು, ಹೊಡೆದ ಮೇಲೆ ಹಣ್ಣು ಒಡೆಯಿತೋ ಇಲ್ಲವೋ ಹೇಳಬೇಕು ಅಂದೆ. ಹೇಳಲಾಗಲಿಲ್ಲ. ಮಂಜಿನಲ್ಲಿ ತಲೆ ಎತ್ತಿ ನೋಡಿದರೂ ಏನೂ ಕಾಣುವುದಿಲ್ಲವಾದ್ದರಿಂದ ಎಷ್ಟೋ ಜನರ ತಲೆ ತಾನಾಗಿ ನಿಲ್ಲುತ್ತದೆ. ಅದಕ್ಕೇ ಗೌಡರನ್ನು ದಟ್ಟ ಮಂಜಿರುವ ಬೆಳಿಗ್ಗೆ ಕಾಡಿನ ಅಂಚಿನಲ್ಲಿರುವ ಏಳನೇ ಹೋಲಿಗೆ ಕರೆದೊಯ್ದೆ. ಅಲ್ಲಿ ಅವರು ಇನ್ನೂ ಕೆಟ್ಟರು. ಸ್ಟಿಕ್ಕು ಎತ್ತುವುದಕ್ಕೂ ಆಗದೆ ಬೆವರಿ ನಿಂತರು. ಮೈ ಸರಿಯಿಲ್ಲ ಎಂದು ಹೇಳಿ ಜೀಪು ಹತ್ತಿ ಹೋದರು.

ಆವತ್ತು ಮಧ್ಯಾಹ್ನ ಅವರ ಹೆಂಡತಿ ಸುಶೀಲಮ್ಮ ಒಬ್ಬರೇ ಕ್ಲಬ್ಬಿಗೆ ಬಂದರು. ಅವರೂ ತೋಟ ನೋಡಿಕೊಳ್ಳುವ ಗಟ್ಟಿ ಹೆಂಗಸು. ಆಟದ ವಿಷಯ ತೆಗೆಯಲೇ ಇಲ್ಲ. ಗೌಡರು ಮಳೆಗಾಲದ ಕೊನೆಯಿಂದ ತಮ್ಮ ತೋಟಕ್ಕೇ ಕಾಲಿಟ್ಟಿಲ್ಲ, ಕಣದವರೆಗೆ ಬಂದು ನಿಂತು ವಾಪಸಾಗುತ್ತಾರೆ, ಕೊಯ್ಲು ಹತ್ತಿರ ಬಂತು ಎಂದರು. ತೋಟವನ್ನು ಗುತ್ತಿಗೆಗೆ ಕೊಟ್ಟು ಹಾಸನದಲ್ಲಿ ಮನೆ ಮಾಡುವುದೆಂದು ಗೌಡರ ಭಾವ ಮಾತು ಮುಗಿಸಿಬಿಟ್ಟಿದ್ದಾರಂತೆ. ಗೌಡರು ಬೇಡ ಅನ್ನುತ್ತಲೂ ಇಲ್ಲ, ಹೂಂ ಅನ್ನುತ್ತಲೂ ಇಲ್ಲ. ಈ ಕೊಯ್ಲಿಗೆ ತೋಟಕ್ಕೆ ಇಳಿಯದಿದ್ದರೆ ಮುಂದೆ ಎಂದೂ ಇಳಿಯುವುದಿಲ್ಲ ಎಂಬುದು ಸುಶೀಲಮ್ಮನ ಭಯ.

"ಮನೆ ಬಿಟ್ಟು ಅವ್ರು ಬರೋ ಜಾಗ ಅಂದ್ರೆ ಇದೊಂದೇ ಕಣ್ರೀ ನಜೀರಣ್ಣ," ಅಂದರು. "ಅದ್ಕೆ ನಿಮ್ಮ ಹತ್ರ ಬಂದೆ. ಅವ್ರಿಗೆ ಏನಾಗೈತೆ ಅಂತ ನಿಮ್ಗೇನಾದ್ರೂ ಗೊತ್ತಾಗ್ತದಾ?"

ಗೊತ್ತಿಲ್ಲ ಎಂದೆ. ನಿಜವಾಗಿ ಗೊತ್ತಿರಲಿಲ್ಲ. ಗೌಡರ ವಿಡಿಯೊ ಒಂದು ಫೋನಿನಲ್ಲಿತ್ತು, ಅದನ್ನೇ ತೋರಿಸಿದೆ. ಇಬ್ಬರೂ ವರಾಂಡದ ಮೆಟ್ಟಿಲ ಮೇಲೆ ಕೂತು ನಿಧಾನ ಮಾಡಿ ನೋಡಿದೆವು. ನೂರು ಸಲ ನೋಡಿದ್ದ ಆ ವಿಡಿಯೊದಲ್ಲಿ ಆವತ್ತು ಮಾತ್ರ ನನಗೆ ಬೇರೆಯದೇ ಕಂಡಿತು. ತಲೆ ಎತ್ತುವವರು ಚೆಂಡು ಹೋಗುವ ಕಡೆ, ಅಂದರೆ ಎಡಕ್ಕೆ ನೋಡುತ್ತಾರೆ. ಗೌಡರ ತಲೆ ಆ ಕಡೆ ಹೋಗುತ್ತಲೇ ಇರಲಿಲ್ಲ. ಸ್ಟಿಕ್ಕು ಮೇಲೇರಿದ ಕ್ಷಣ ಅವರು ಬಲ ಭುಜದ ಮೇಲಿಂದ ಹಿಂದಕ್ಕೆ ತಿರುಗುತ್ತಿದ್ದರು. ಅವರ ಬೆನ್ನ ಹಿಂದೆ ಇದ್ದದ್ದು ಕಾಡಿನ ಅಂಚು.

ಸುಶೀಲಮ್ಮ ಫೋನು ನನ್ನ ಕೈಗೆ ಕೊಟ್ಟು, ಇದಾ ವಿಷಯ, ನಮಗೆ ಹೊಳೆಯಲೇ ಇಲ್ಲವಲ್ಲ ಎಂದರು. ಆಮೇಲೆ ಹೇಳಿದರು. ಮಳೆಗಾಲದ ಕೊನೆಯಲ್ಲಿ ಗೌಡರು ತೋಟದಲ್ಲಿ ಒಬ್ಬರೇ ಬಗ್ಗಿ, ಒಂದು ಗಿಡದ ಬುಡದಲ್ಲಿ ಕಾಂಡಕೊರಕ ಹುಳ ಹತ್ತಿದೆಯೇ ಎಂದು ನೋಡುತ್ತಿದ್ದರಂತೆ. ಬೆನ್ನಿಗೆ ಬೆಚ್ಚಗೆ ಉಸಿರು ತಾಗಿತಂತೆ. ತಲೆ ಎತ್ತಿ ತಿರುಗಿದರೆ ಒಂಟಿ ಸಲಗ. ಕೈ ಚಾಚಿದರೆ ದಂತ ಸಿಗುವಷ್ಟು ಹತ್ತಿರ. ಎಷ್ಟು ಹೊತ್ತು ಹಾಗೆ ನಿಂತಿದ್ದರೋ, ಆನೆ ಅವರನ್ನು ನೋಡಿ, ಗಿಡಗಳ ಮಧ್ಯೆ ಒಂದು ಎಲೆಯೂ ಸದ್ದಾಗದಂತೆ ಹೊರಟುಹೋಯಿತು. ಅಷ್ಟೇ. ಒಂದು ಗೀರೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ, ದೇವರು ದೊಡ್ಡವನು ಎಂದು ನೆಂಟರು ಹೇಳಿದರು. ಏನೂ ಆಗದಿದ್ದುದರಿಂದಲೇ ಗೌಡರಿಗೆ ತಮ್ಮ ಭಯವನ್ನು ಯಾರಿಗೂ ಹೇಳಿಕೊಳ್ಳಲು ಬಾಯಿ ಬರಲಿಲ್ಲ. ತಲೆ ತಗ್ಗಿಸಿದರೆ ಹಿಂದೆ ಬಂದು ನಿಂತಿರುತ್ತದೆ. ಅವರ ಮೈಗೆ ಅದೊಂದೇ ನೆನಪು.

ನಮ್ಮ ಸೀಮೆಯಲ್ಲಿ ಆನೆಗೆ ಹೆದರದವರು ಯಾರಿದ್ದಾರೆ. ಮಾರನಹಳ್ಳಿಯಿಂದ ಆಲೂರಿನವರೆಗೆ ಬೆಳಿಗ್ಗೆ ಎದ್ದ ಕೂಡಲೇ ಜನ ಮೊಬೈಲಿನಲ್ಲಿ ನೋಡುವುದು ಆನೆ ಯಾವ ಕಡೆ ಇದೆ ಎಂಬ ಸುದ್ದಿಯನ್ನೇ. ಆ ಮನುಷ್ಯನನ್ನು ಕಾಡಿನ ಅಂಚಿಗೆ, ಅದೂ ಮಂಜಿನಲ್ಲಿ ನಿಲ್ಲಿಸಿ ನೆಲ ನೋಡಿ ಎಂದಿದ್ದೆ.

ಆಮೇಲಿನ ಎರಡು ದಿನ ನಾನು ಅದನ್ನೇ ಯೋಚಿಸುತ್ತಿದ್ದೆ. ನಮ್ಮ ಕಡೆ ಆನೆ ಓಡಾಡುವ ತೋಟಗಳಲ್ಲಿ ಹಣ್ಣು ಕೊಯ್ಯುವಾಗ ಒಂದು ಪದ್ಧತಿಯಿದೆ, ಎಲ್ಲರಿಗೂ ಗೊತ್ತಿರುವುದೇ. ಕೊಯ್ಯುವವರಲ್ಲಿ ಒಬ್ಬರು ಕೊಯ್ಯುವುದಿಲ್ಲ. ಎತ್ತರದ ಬಂಡೆಯ ಮೇಲೆ, ಆನೆ ಕಂಡರೆ ಬಡಿಯಲು ಒಂದು ಖಾಲಿ ಡಬ್ಬ ಹಿಡಿದು, ಕಾಡಿನ ಕಡೆ ಮುಖ ಮಾಡಿ ನಿಂತಿರುತ್ತಾರೆ. ಅವರಿಗೂ ಸಮ ಕೂಲಿ. ಅವರು ನಿಂತಿದ್ದಾರೆಂದೇ ಉಳಿದವರು ಗಿಡದೊಳಗೆ ತಲೆ ಹಾಕಿ, ಹರಟೆ ಹೊಡೆಯುತ್ತಾ ಹಣ್ಣು ಕೀಳುತ್ತಾರೆ. ಗೌಡರು ಎಷ್ಟೋ ವರ್ಷ ತಮ್ಮ ತೋಟದ ಬಂಡೆಯ ಮೇಲೆ ಹೀಗೆ ಒಬ್ಬರನ್ನು ನಿಲ್ಲಿಸಿದ್ದವರು. ಅವರ ಸ್ವಂತಕ್ಕೆ ಮಾತ್ರ ಯಾರೂ ನಿಂತಿರಲಿಲ್ಲ.

ಮುಂದಿನ ಸಲ ಅವರು ಬಂದಾಗ ಮತ್ತೆ ಏಳನೇ ಹೋಲಿಗೇ ಹೋದೆವು. ಅಲ್ಲಿ ಹುಲ್ಲು ಮುಗಿಯುತ್ತಲೇ ಆನೆ ದಾಟದ ಹಾಗೆ ತೋಡಿದ ಕಂದಕ, ಕಂದಕದ ಆಚೆ ಕಾಡು. ಬಿಸಿಲಿತ್ತು. ನಾನು ಚೆಂಡು ಇಟ್ಟೆ. ಆಮೇಲೆ ಅವರಿಗೆ ಬೆನ್ನು ಹಾಕಿ ಕಾಡಿನ ಕಡೆ ತಿರುಗಿ ನಿಂತೆ.

"ನೀವು ಚೆಂಡು ನೋಡಿ ಗೌಡ್ರೇ," ಅಂದೆ. "ಕಾಡು ನಾನು ನೋಡ್ತೀನಿ."

ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಯಿತು. ಸಿಟ್ಟಾಗುತ್ತಾರೇನೋ ಎಂದು ನಾನು ಅಳುಕಿದೆ.

"ಬಂದ್ರೆ ಹೇಳ್ತೀರಾ?" ಅಂತ ಕೇಳಿದರು, ಬಹಳ ಮೆಲ್ಲಗೆ.

"ಹೇಳ್ತೀನಿ."

"ನಾನು ಹೊಡೀತಾ ಇದ್ರೂ?"

"ಹೊಡೀತಾ ಇದ್ರೂ ಹೇಳ್ತೀನಿ ಕಣ್ರೀ. ಸುಮ್ಕಿರೋದಿಲ್ಲ."

ಕಲಿಸುವವನು ಕಲಿಯುವವನಿಗೆ ಬೆನ್ನು ಹಾಕಿ ನಿಲ್ಲುವುದು ಯಾವ ತರಬೇತಿಯಲ್ಲೂ ಇಲ್ಲ. ಮೇಜರ್ ಸಾಹೇಬರು ಒಂದು ದಿನ ಸುತ್ತಾಡುತ್ತಾ ಬಂದು ನೋಡಿ, ನಿನಗೆ ಸಂಬಳ ಕೊಡುವುದು ಮೆಂಬರನ್ನು ನೋಡು ಅಂತ, ಮರ ನೋಡು ಅಂತಲ್ಲ ಎಂದು ಬೈದರು. ನಿಜ ಹೇಳಿದ್ದರೆ ಅವರೇ ಬಂದೂಕು ಹಿಡಿದು ಕಾವಲು ನಿಂತುಬಿಡುತ್ತಿದ್ದರು, ಊರಿಗೆಲ್ಲ ಸುದ್ದಿಯಾಗುತ್ತಿತ್ತು. ಕಣ್ಣಿಗೆ ಬಿಸಿಲು ಹೊಡೀತದೆ ಸಾರ್ ಎಂದು ಏನೋ ಒಂದು ಹೇಳಿದೆ. ಈ ವಯಸ್ಸಿಗಾದ್ರೂ ಟೋಪಿ ಹಾಕೋದು ಕಲಿ ಎಂದು ಗೊಣಗಿಕೊಂಡು ಹೋದರು.

ಹೀಗೆ ಕಾಡನ್ನು ನೋಡುತ್ತಾ ನಾನು ಕಿವಿಯಿಂದ ಕಲಿಸುವುದನ್ನು ಕಲಿತೆ. ಸ್ಟಿಕ್ಕು ಹಿಂದೆ ಹೋಗುವಾಗ ಅಂಗಿ ಸರಿಯುವ ಸದ್ದು ಬರುತ್ತದೆ. ಮೇಲೆ ಒಂದು ಕ್ಷಣ ಏನೂ ಇರುವುದಿಲ್ಲ. ಆಮೇಲೆ ಗಾಳಿ ಸೀಳುವ ಸದ್ದು, ಆಮೇಲೆ ಚೆಂಡಿನದು. ಮೇಲಿನ ಆ ಕ್ಷಣದಲ್ಲಿ ಗೌಡರ ಉಸಿರು ನಿಲ್ಲುತ್ತಿತ್ತು, ಕಾಲರಿಗೆ ಗಡ್ಡ ಉಜ್ಜುವ ಸದ್ದು ಬರುತ್ತಿತ್ತು. ತಿರುಗಿದರು ಎಂದು ಗೊತ್ತಾಗುತ್ತಿತ್ತು. ಏನೂ ಇಲ್ಲ ಗೌಡ್ರೇ ಎನ್ನುತ್ತಿದ್ದೆ. ಇನ್ನೊಂದು ಚೆಂಡು ಇಡುತ್ತಿದ್ದೆ. ದಿನ ಕಳೆದಂತೆ ಆ ಉಜ್ಜುವ ಸದ್ದು ಅಪರೂಪವಾಯಿತು. ಆದರೆ ಪೂರ್ತಿ ಹೋಗಲಿಲ್ಲ. ಏನೂ ಬಾರದಿರುವಾಗ ನಂಬುವುದು ಒಂದು, ಬಂದಾಗ ನಂಬುವುದು ಇನ್ನೊಂದು. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಅತ್ತ ಗುತ್ತಿಗೆಯವರು ಕೊಯ್ಲು ಶುರುವಾಗುವ ಮುಂಚೆಯೇ ಮಾತು ಪಕ್ಕಾ ಆಗಬೇಕೆಂದು ಮತ್ತೆ ಮತ್ತೆ ಫೋನು ಮಾಡುತ್ತಿದ್ದರು. ಸುಶೀಲಮ್ಮ ನನ್ನನ್ನು ಕಂಡಾಗಲೆಲ್ಲ ಕಣ್ಣಲ್ಲೇ ಕೇಳುತ್ತಿದ್ದರು. ನಾನು ಕಣ್ಣಲ್ಲೇ ಇನ್ನೂ ಇಲ್ಲ ಎನ್ನುತ್ತಿದ್ದೆ.

ಒಂದು ಸಂಜೆ, ಬಿಸಿಲು ಹೊಂಬಣ್ಣಕ್ಕೆ ತಿರುಗಿ ಹುಲ್ಲಿನ ಮೇಲೆ ನಮ್ಮ ನೆರಳು ಉದ್ದ ಬಿದ್ದಿತ್ತು. ಗೌಡರು ನಿಂತರು. ಅವರು ಪಾದ ಸರಿಮಾಡಿಕೊಳ್ಳುವ ಸದ್ದು ಕೇಳಿದೆ. ಅಂಥ ನೆಮ್ಮದಿಯ ಸದ್ದನ್ನು ನಾನು ಬಹಳ ಕಾಲದಿಂದ ಕೇಳಿರಲಿಲ್ಲ. ಈ ಸಲ ಹೊಡೆಯುತ್ತಾರೆ ಎಂದು ನನ್ನ ಮೈಗೆ ತಿಳಿಯಿತು. ಆಗಲೇ ಕಂದಕದ ಆಚೆ ಒಂದು ಬಸರಿ ಮರದ ಕೆಳಗಿನ ಕತ್ತಲು ಸ್ವಲ್ಪ ಅಲುಗಿತು. ನೋಡುತ್ತಿದ್ದ ಹಾಗೆ ಅದಕ್ಕೆ ಕಿವಿ ಬಂತು, ದಂತ ಬಂತು.

ಆ ಒಂದು ಗಳಿಗೆಯಲ್ಲಿ ನನಗೆ ಎಷ್ಟೊಂದು ಆಸೆಯಾಯಿತೆಂದು ಹೇಳಲಾರೆ. ಆನೆ ಕಂದಕದ ಆಚೆ ಇದೆ, ದೂರದಲ್ಲಿದೆ, ತನ್ನ ಪಾಡಿಗೆ ಕೊಂಬೆ ಎಳೆಯುತ್ತಿದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ತೊಟ್ಟಿಲಿನಂಥ ಹೊಡೆತ ವಾಪಸ್ ಬರುತ್ತದೆ. ಹೇಳಿದರೆ ಇಷ್ಟು ದಿನದ ಕೆಲಸ ನೀರಿಗೆ ಹಾಕಿದ ಹಾಗೆ. ಸ್ಟಿಕ್ಕು ಬಿಸಾಡಿ ಓಡುತ್ತಾರೆ, ಓಡಿದವರು ಹಾಸನದವರೆಗೂ ನಿಲ್ಲುವುದಿಲ್ಲ. ಆದರೆ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಬಂಡೆಯ ಮೇಲೆ ನಿಂತವರು ಕೊಯ್ಲು ಕೆಡುತ್ತದೆಂದು ಡಬ್ಬ ಬಡಿಯದೆ ಇರುತ್ತಾರೆಯೇ.

"ಗೌಡ್ರೇ," ಅಂದೆ. "ಬಂದೈತೆ."

ಹಿಂದೆ ಎಲ್ಲ ಸದ್ದೂ ನಿಂತಿತು. ನಾನು ತಿರುಗಲಿಲ್ಲ, ಆನೆಯ ಮೇಲಿನ ಕಣ್ಣು ಕೀಳುವಂತಿರಲಿಲ್ಲ. ಸ್ಟಿಕ್ಕು ನೆಲಕ್ಕೆ ಬೀಳುವುದನ್ನೇ ಕಾಯುತ್ತಿದ್ದೆ.

"ಎಷ್ಟು ದೂರ?" ಧ್ವನಿ ಬಂದದ್ದು ಕೆಳಗಿನಿಂದ. ಅವರ ಮುಖ ಇನ್ನೂ ನೆಲದ ಕಡೆಗೇ ಇತ್ತು.

"ಕಂದಕದ ಆಚೆ. ಬಸರಿ ಮರದ ಬುಡ್ದಾಗೆ ಐತೆ."

"ಈ ಕಡೆ ಮಕ ಮಾಡೈತಾ?"

"ಇಲ್ಲ. ತಿನ್ತಾ ಐತೆ."

ಆಮೇಲೆ ಅವರ ಉಸಿರು ಒಂದು ಉದ್ದಕ್ಕೆ ಹೊರಗೆ ಹೋಯಿತು.

"ಹಂಗಾರೆ ತಿನ್ಲಿ ಬಿಡಿ," ಅಂದರು.

ಅಂಗಿ ಸರಿಯಿತು. ಮೇಲೆ ಆ ಒಂದು ಕ್ಷಣ ಬಂದು ಹೋಯಿತು. ಕಾಲರಿನ ಸದ್ದು ಬರಲಿಲ್ಲ. ಗಾಳಿ ಸೀಳಿತು, ಆಮೇಲೆ ಚೆಂಡಿನ ಸದ್ದು ಬಂತು. ಚೆನ್ನಾಗಿ ಹೊಡೆದ ಚೆಂಡು ಸದ್ದು ಮಾಡಿಯೂ ಮಾಡದಂತೆ ಇರುತ್ತದೆ. ಆನೆ ಒಮ್ಮೆ ಕಿವಿ ಬೀಸಿತು, ಮತ್ತೆ ಕೊಂಬೆ ಎಳೆಯತೊಡಗಿತು. ನನ್ನ ಕಣ್ಣಲ್ಲಿ ನೀರು ತುಂಬಿ ಅದು ಎರಡಾಗಿ ಕಾಣುತ್ತಿತ್ತು.

"ಎಲ್ಲೋಯ್ತು ಚೆಂಡು?" ಎಂದು ಗೌಡರು ಕೇಳಿದರು.

"ನಾನು ನೋಡ್ಲಿಲ್ಲ ಗೌಡ್ರೇ."

"ನಾನೂ ನೋಡ್ಲಿಲ್ಲ," ಎಂದು ಅವರು ನಕ್ಕರು. ಮಳೆಗಾಲದ ನಂತರ ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ನನ್ನ ಪಕ್ಕಕ್ಕೆ ಬಂದರು. ಇಬ್ಬರೂ ಭುಜಕ್ಕೆ ಭುಜ ಕೊಟ್ಟು ನಿಂತು ಅದು ತಿನ್ನುವುದನ್ನು ನೋಡಿದೆವು. ಹೊತ್ತು ಇಳಿಯುವ ಮುಂಚೆ ಅವಸರ ಮಾಡದೆ ನಡೆದುಕೊಂಡು ವಾಪಸ್ ಬಂದೆವು. ದಾರಿಯಲ್ಲಿ ಗೌಡರು ಗುತ್ತಿಗೆಯ ಮಾತನ್ನೂ ಆಡಲಿಲ್ಲ, ತೋಟದ ಮಾತನ್ನೂ ಆಡಲಿಲ್ಲ. ನಾನೂ ಕೇಳಲಿಲ್ಲ.

ಹೊಸ ಕೋಚುಗಳೇ, ಇದರಿಂದ ನೀವು ಏನು ಕಲಿಯಬೇಕೋ ನನಗೆ ಗೊತ್ತಿಲ್ಲ. ನಿಮ್ಮ ಹತ್ತಿರ ಈಗ ನನಗಿಂತ ಒಳ್ಳೆಯ ಕ್ಯಾಮೆರಾಗಳಿವೆ. ತಲೆ ಎತ್ತುವವರನ್ನು ಕಂಡರೆ ತಲೆ ಕೆಳಗೆ ಎಂದು ಕೂಗುವ ಮುಂಚೆ, ಅವರು ಯಾವ ಕಡೆ ನೋಡುತ್ತಿದ್ದಾರೆ ಎಂದು ಮಾತ್ರ ಒಮ್ಮೆ ಗಮನಿಸಿ. ಇಷ್ಟೇ ನಾನು ಹೇಳಬಲ್ಲದ್ದು.

ಆ ಸಂಜೆಯ ನಂತರ ಗೌಡರು ಕ್ಲಬ್ಬಿಗೆ ಬರಲಿಲ್ಲ. ವಾರ ಕಳೆದರೂ ಸುದ್ದಿಯಿಲ್ಲ. ಹಾಸನಕ್ಕೆ ಹೋಗಿಬಿಟ್ಟರೇನೋ ಎಂದು ಜೀಪಿನ ಸದ್ದಾದಾಗಲೆಲ್ಲ ರಸ್ತೆಯ ಕಡೆ ನೋಡುತ್ತಿದ್ದೆ. ಫೋನು ಮಾಡಲು ಧೈರ್ಯ ಸಾಲಲಿಲ್ಲ. ಕೊನೆಗೆ ರಜೆಯ ದಿನ ಬೆಳಿಗ್ಗೆ ಸ್ಕೂಟರ್ ಹತ್ತಿ ಅವರ ತೋಟದ ಕಡೆ ಹೋದೆ. ಕಣದ ಹತ್ತಿರ ಯಾರೂ ಇರಲಿಲ್ಲ. ಸ್ಟೋರಿನ ಬಾಗಿಲು ತೆರೆದಿತ್ತು. ಕೆಳಗಿನಿಂದ ಕೊಯ್ಲಿನವರ ಮಾತು, ನಗು ಕೇಳಿಸುತ್ತಿತ್ತು. ಯಾರ ಕೊಯ್ಲೋ, ಗುತ್ತಿಗೆಯವರದೋ ಎಂದುಕೊಳ್ಳುತ್ತಾ ಕಾಲುದಾರಿಯಲ್ಲಿ ಇಳಿದೆ.

ಬಂಡೆಯ ಮೇಲೆ ಸುಶೀಲಮ್ಮ ನಿಂತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಡಬ್ಬ ಹಿಡಿದು, ಕಾಡಿನ ಕಡೆ ಮುಖ ಮಾಡಿ. ನನ್ನ ಹೆಜ್ಜೆಯ ಸದ್ದಿಗೆ ಒಂದು ಸಲ ಓರೆಗಣ್ಣಲ್ಲಿ ನೋಡಿ, ಗಲ್ಲದಿಂದ ಕೆಳಗೆ ತೋರಿಸಿ, ತಕ್ಷಣ ಮತ್ತೆ ಕಾಡಿನ ಕಡೆ ತಿರುಗಿದರು. ಅವರು ತೋರಿಸಿದ ಸಾಲಿನಲ್ಲಿ ಕೊಯ್ಲಿನ ಹೆಂಗಸರ ನಡುವೆ ಗೌಡರು ಸೊಂಟಕ್ಕೆ ಚೀಲ ಕಟ್ಟಿಕೊಂಡು, ಕಾಡಿಗೆ ಬೆನ್ನು ಕೊಟ್ಟು, ಗೆಲ್ಲು ಬಗ್ಗಿಸಿ ಹಣ್ಣು ಕೀಳುತ್ತಿದ್ದರು. ತಲೆ ಗಿಡದೊಳಗಿತ್ತು. ಗೌಡ್ರೇ ಎಂದು ಕರೆಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಕರೆದರೆ ತಲೆ ಎತ್ತುತ್ತಾರೆ. ಬಂದ ದಾರಿಯಲ್ಲೇ ಸದ್ದಾಗದ ಹಾಗೆ ಹತ್ತಿ ಬಂದುಬಿಟ್ಟೆ.